ಒಂಬತ್ತು ಹೋಳಿನ ಬಿಳುಪು

ಹಿರೇಕಟ್ಟೆಯ ಸೋಮೇಶ್ವರನ ಗುಡಿಯಲ್ಲಿ, ನವರಂಗದ ನಟ್ಟನಡುವೆ, ತಿಪಟೂರಿನ ಫೋಟೋ ಸ್ಟುಡಿಯೋ ಶ್ರೀರಂಗಯ್ಯ ಅಂಗಾತ ಮಲಗಿದ್ದ. ಮುಖ ಮುಚ್ಚುವಂತೆ ಕರಿಬಟ್ಟೆ, ಅದರ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಸ್ಟ್ಯಾಂಡಿನ ತಲೆಯ ಮೇಲೆ ಚಾವಣಿಯತ್ತ ಬಾಯಿ ತೆರೆದ ಮರದ ಕ್ಯಾಮೆರಾ. ಬಾಗಿಲಲ್ಲಿ ಇಣುಕಿದವರಿಗೆ ಮೊದಲು ಎದೆ ಧಸಕ್ಕೆನ್ನಬೇಕು, ಆಮೇಲೆ ನಗು ಬರಬೇಕು, ಹಾಗಿತ್ತು. ಐವತ್ತೆರಡು ವರ್ಷದ, ಹೊಟ್ಟೆ ಬಂದ ಮನುಷ್ಯ ಹೀಗೆ ಮಲಗಿ ಏಳುವುದು ಸುಲಭದ ಮಾತಲ್ಲ. ಆ ಗುರುವಾರ ಬೆಳಗಿನಿಂದ ಅವನು ಆರು ಸಲ ಮಲಗಿ ಆರು ಸಲ ಎದ್ದಿದ್ದ.

ಮಲಗದೆ ಬೇರೆ ದಾರಿಯೇ ಇರಲಿಲ್ಲ. ಅವನಿಗೆ ಬೇಕಾದದ್ದು ನೆತ್ತಿಯ ಮೇಲಿತ್ತು. ಚಾವಣಿಯಲ್ಲಿ ಕಲ್ಲಿನ ಭುವನೇಶ್ವರಿ, ಅಂದರೆ ಒಂಬತ್ತು ಚೌಕಗಳಾಗಿ ಕೆತ್ತಿದ ಚಪ್ಪಡಿ. ನಡುವಿನ ಚೌಕದಲ್ಲಿ ಕುಣಿಯುವ ಶಿವ, ಸುತ್ತಲಿನ ಎಂಟು ಚೌಕಗಳಲ್ಲಿ ಅವನ ಕುಣಿತಕ್ಕೆ ಬಾರಿಸುವ ಎಂಟು ಜನ ಮೇಳದವರು. ಹಿಂದಿನ ಮಳೆಗಾಲದಿಂದ ಆ ಕಲ್ಲಿನಲ್ಲಿ ಬಿರುಕೊಂದು ಬೆಳೆಯುತ್ತಿತ್ತು. ಬರುವ ಸೋಮವಾರ ಪುರಾತತ್ವ ಇಲಾಖೆಯವರು ಅದರ ಕೆಳಗೆ ಇಟ್ಟಿಗೆಯ ದಪ್ಪ ಕಂಬವೊಂದನ್ನು ಕಟ್ಟಿ, ಹಲಗೆ ಕೊಟ್ಟು ಕಲ್ಲನ್ನು ಹಿಡಿದು ನಿಲ್ಲಿಸುವವರಿದ್ದರು. ಗುಡಿ ಉಳಿಯಬೇಕಾದರೆ ಅದು ಆಗಲೇಬೇಕು. ಆದರೆ ಕಂಬ ಎದ್ದ ಮೇಲೆ ಶಿವನೂ ಕಾಣುವುದಿಲ್ಲ, ಮೇಳವೂ ಕಾಣುವುದಿಲ್ಲ.

ಶ್ರೀರಂಗಯ್ಯ ಹುಟ್ಟಿದ್ದು ಇದೇ ಊರಲ್ಲಿ. ಚಿಕ್ಕವನಿದ್ದಾಗ ಅವನ ತಾಯಿ ಚಿಕ್ಕಗೌರಮ್ಮ ಬಿದಿರಿನ ಗಳದ ತುದಿಗೆ ಎಣ್ಣೆಬತ್ತಿ ಕಟ್ಟಿ, ಎತ್ತಿ ಹಿಡಿದು, ಒಂದೊಂದೇ ಚೌಕವನ್ನು ತೋರಿಸುತ್ತಿದ್ದಳು. ಮದ್ದಳೆಯವನನ್ನು ತೋರಿಸಿದರೆ ಕೊಳಲಿನವನು ಕತ್ತಲಿಗೆ ಹೋಗುತ್ತಿದ್ದ. ಕೊಳಲಿನವನನ್ನು ತಂದರೆ ಮದ್ದಳೆಯವನು ನಾಪತ್ತೆ. “ಒಂದು ಕಂಡ್ರೆ ಇನ್ನೊಂದು ಕಾಣಾಕಿಲ್ಲ ಕಣ್ ಮಗ. ಒಂಬತ್ತೂ ಒಟ್ಟಿಗೆ ಯಾರು ನೋಡವ್ರೆ?” ಎನ್ನುತ್ತಿದ್ದಳು ಆಕೆ. ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಮೂವತ್ತು ವರ್ಷ ಮದುಮಕ್ಕಳನ್ನೂ, ಪರೀಕ್ಷೆಯ ಹಾಲ್ ಟಿಕೆಟ್ಟಿನ ಮುಖಗಳನ್ನೂ, ಕುರ್ಚಿಗೆ ಒರಗಿಸಿದ ಹೆಣಗಳನ್ನೂ ತೆಗೆದ ಈ ಮನುಷ್ಯನಿಗೆ ಒಂದೇ ಒಂದು ಆಸೆ ಉಳಿದಿತ್ತು: ಆ ಒಂಬತ್ತನ್ನೂ ಒಂದೇ ಚಿತ್ರದಲ್ಲಿ ಹಿಡಿದು, ಒಟ್ಟಿಗೆ, ಒಂದು ಸಲ ಕಣ್ತುಂಬ ನೋಡುವುದು.

ಹಾಗೆಂದು ಅವನು ಪ್ರಯತ್ನ ಮಾಡಿರಲಿಲ್ಲವೆಂದಲ್ಲ. ಗುಡಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಮೈಸೂರಿನ ವಿದ್ವಾಂಸರೊಬ್ಬರು ಈ ಚಾವಣಿಯ ಚಿತ್ರ ಕೇಳಿದ್ದರು. ಗುಡಿಯೊಳಗೆ ಕರೆಂಟಿಲ್ಲ. ಫ್ಲ್ಯಾಶ್ ಹೊಡೆದರೆ ಉಬ್ಬುತಗ್ಗೆಲ್ಲ ಅಳಿಸಿಹೋಗಿ ಶಿವ ಸುಣ್ಣದ ಗೋಡೆಯ ಹಾಗೆ ಕಾಣುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಶ್ರೀರಂಗಯ್ಯ ಹೊರಗಿನಿಂದ ಕನ್ನಡಿಯಲ್ಲಿ ಬಿಸಿಲನ್ನು ಒಳಕ್ಕೆ ತಿರುಗಿಸಿ, ನೆಲಕ್ಕೆ ಹಾಸಿದ ಬಿಳಿ ಪಂಚೆಯ ಮೇಲೆ ಬೀಳಿಸಿ, ಆ ಬೆಳಕಿನಲ್ಲಿ ಚಿತ್ರ ತೆಗೆದು ಕಳಿಸಿದ. ವಿದ್ವಾಂಸರು ಬಹಳ ಮರ್ಯಾದೆಯಿಂದ ಬೈದು ಕಾಗದ ಬರೆದರು. ನಡುವೆ ನಡುಹಗಲು, ಸುತ್ತ ಅಮಾವಾಸ್ಯೆ, ಇದನ್ನು ಅಚ್ಚು ಹಾಕಿಸಲಾರೆ ಎಂದಿದ್ದರು. ಆದರೂ ದೊಡ್ಡ ಮನಸ್ಸು ಮಾಡಿ ನಾಲ್ಕು ಹಾಳೆ ಫಿಲಂ ಕಳಿಸಿದ್ದರು. ಆ ಅಳತೆಯ ಫಿಲಂ ತಿಪಟೂರಿನಲ್ಲಿ ಎಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ.

ಬೆಳಕಿನ ಈ ಹೆಚ್ಚುಕಡಿಮೆಗೆ ಮದ್ದು ಹೇಳಿದವನು ಅವನ ಅಕ್ಕನ ಮಗ ನಂಜುಂಡಪ್ಪ. ತಿಪಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಲೈಬ್ರರಿಗೆ ಬರುವ ವಿಜ್ಞಾನದ ಪತ್ರಿಕೆಗಳನ್ನು ಓದುವವನು ಆ ಕಾಲೇಜಿಗೆಲ್ಲ ಅವನೊಬ್ಬನೇ ಎಂದು ಹೆಸರಾಗಿತ್ತು.

“ಮಾವ, ದೊಡ್ಡ ದೂರದರ್ಶಕ ಇಟ್ಕೊಂಡೋರ ತಾಪತ್ರಯಾನೂ ಇದೇ,” ಎಂದಿದ್ದ ಅವನು. “ನಕ್ಷತ್ರದ ಬೆಳಕು ನಮ್ಮ ಗಾಳಿ ಒಳಗೆ ಬರೋವಾಗ ಅಲುಗಾಡ್ತದೆ. ಒಂದ್ಕಡೆ ಜಾಸ್ತಿ, ಒಂದ್ಕಡೆ ಕಮ್ಮಿ. ಅದಕ್ಕೆ ಅವರು ಒಂದೇ ದೊಡ್ಡ ಕನ್ನಡೀನ ನಂಬ್ಕೊಳ್ಳೋದು ಬಿಟ್ಟು, ಸಣ್ಣ ಸಣ್ಣ ಕನ್ನಡಿ ಜೋಡಿಸಿ, ಒಂದೊಂದನ್ನೂ ಕೂದಲೆಳೆಯಷ್ಟು ಓಲಿಸಿ, ಬೆಳಕನ್ನ ತಿದ್ದೋಕೆ ನೋಡ್ತಿದ್ದಾರೆ. ನೋಡ್ತಾ ಇರಬೇಕು, ತಿದ್ತಾ ಇರಬೇಕು. ನಿಲ್ಲಿಸೋ ಹಂಗಿಲ್ಲ.”

“ಅವರ ಹತ್ರ ಮಿಷನ್ನು ಇರ್ತವೆ ಕಣಪ್ಪ. ನಮ್ಮೂರ ಗುಡೀಲಿ ಓಲ್ಸೋರು ಯಾರು?”

“ಕೈ ಇದ್ರೆ ಸಾಕು ಮಾವ. ಸೂರ್ಯ ಅಷ್ಟೇನೂ ಅವಸರದೋನಲ್ಲ.”

ಕೈಗಳನ್ನು ಒದಗಿಸಿದವನು ಹುಚ್ಚಣ್ಣ. ಶ್ರೀರಂಗಯ್ಯನ ಜೊತೆ ಗೋಲಿ ಆಡಿ ಬೆಳೆದವನು, ಈಗ ಊರಿನಲ್ಲಿ ದೊಡ್ಡ ತೋಟದ ಧಣಿ. ಅವನ ಕೊಬ್ಬರಿ ಮನೆಯಲ್ಲಿ ಚಿಪ್ಪು ಒಡೆದು ಕೊಬ್ಬರಿ ಆರಿಸುವ ಏಳು ಜನ ಹೆಂಗಸರಿದ್ದರು. ಮಗಳ ಮದುವೆಗೆಂದು ಮಾಡಿಸಿಟ್ಟ ಬೀರುವಿನ ಆಳೆತ್ತರದ ಕನ್ನಡಿ ಬಾಗಿಲನ್ನೇ ಕಳಚಿಕೊಂಡು ಅವನು ಗುಡಿಯ ಅಂಗಳಕ್ಕೆ ಬಂದ. ಹೆಂಡತಿ ಬೋರಮ್ಮ ಹಿಂದಿನಿಂದ ಏನೇನು ಅಂದಳೋ, ಅವನಂತೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿಲನ್ನು ಹಿಡಿದು ಗುಡಿಯೊಳಕ್ಕೆ ತಳ್ಳುವುದು, ಸೂರ್ಯ ಸರಿದಂತೆ ಕನ್ನಡಿಯನ್ನು ಸರಿಸುವುದು ಅವನ ಕೆಲಸ.

ಒಳಗೆ, ಪಂಚೆಯ ಸುತ್ತ, ಆ ಬಿಸಿಲನ್ನು ಚಾವಣಿಗೆ ಎಸೆಯಲು ಹದಿನೆಂಟು ತೆಂಗಿನ ಚಿಪ್ಪುಗಳು ಕೂತಿದ್ದವು. ಒಂದೊಂದು ಚಿಪ್ಪಿನ ಬಾಯಿಗೂ ಮೇಣದಿಂದ ಅಂಟಿಸಿದ ಅಂಗೈಯಗಲದ ಕನ್ನಡಿ ಚೂರು. ಚೂರಿನ ಮೇಲೆ ಕೊಬ್ಬರಿ ಎಣ್ಣೆ ಸವರಿದ ತೆಳ್ಳನೆ ಕಾಗದ, ಬೆಳಕು ಬಿಲ್ಲೆಯ ಹಾಗೆ ಬೀಳದೆ ಹರಡಿಕೊಳ್ಳಲೆಂದು. ಚಿಪ್ಪಿನ ಕೆಳಗೆ ಬಿಂದಿಗೆ ಹೊರಲು ಮಾಡುವಂಥ ನಾರಿನ ಸಿಂಬಿ. ದುಂಡು ಬುಡದ ಚಿಪ್ಪು ಸಿಂಬಿಯ ಮೇಲೆ ಎತ್ತ ಬೇಕೋ ಅತ್ತ ಓಲುತ್ತಿತ್ತು, ಓಲಿಸಿದಲ್ಲೇ ನಿಲ್ಲುತ್ತಿತ್ತು. ಆರು ಜನ ಹೆಂಗಸರು ತಲೆಗೆ ಮೂರು ಚಿಪ್ಪಿನಂತೆ ಹಂಚಿಕೊಂಡು ಕುಕ್ಕರಗಾಲಲ್ಲಿ ಕೂತರು. ಚಾವಣಿಯ ಮೇಲೆ ಯಾವ ಬೆಳಕು ಯಾರದೆಂದು ಗೊತ್ತಾಗದೆ ಗದ್ದಲವಾದಾಗ ನಂಜುಂಡಪ್ಪ ಒಂದು ಉಪಾಯ ಹೇಳಿಕೊಟ್ಟ: ಚಿಪ್ಪನ್ನು ಬೆರಳಲ್ಲಿ ಸ್ವಲ್ಪ ನಡುಗಿಸಿ, ಮೇಲೆ ಯಾವುದು ನಡುಗುತ್ತದೋ ಅದೇ ನಿಮ್ಮದು.

ಇನ್ನು ಉಳಿದದ್ದು ಬೆಳಕು ಎಲ್ಲ ಕಡೆಗೂ ಒಂದೇ ಸಮ ಬಿದ್ದಿದೆಯೋ ಇಲ್ಲವೋ ಎಂದು ತಿಳಿಯುವುದು. ಶ್ರೀರಂಗಯ್ಯನ ಲೈಟ್ ಮೀಟರಿನ ಮುಳ್ಳು ಆ ಮಬ್ಬಿನಲ್ಲಿ ಮಲಗಿದಲ್ಲೇ ಮಲಗಿತ್ತು. ಕಲ್ಲನ್ನು ನೋಡಿ ಹೇಳೋಣವೆಂದರೆ ಒಂದು ಕಡೆ ದೀಪದ ಹೊಗೆ ಹಿಡಿದು ಕಪ್ಪು, ಇನ್ನೊಂದು ಕಡೆ ಬೂದಿ ಬಣ್ಣ.

ಏಳನೆಯವಳಾದ ಭೈರಮ್ಮ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ನಲವತ್ತೈದರ ಹೆಂಗಸು, ಸಣಕಲು ಮೈ, ಮಾತು ಕಡಿಮೆ. ಇಪ್ಪತ್ತು ವರ್ಷದಿಂದ ಕೊಬ್ಬರಿ ಆರಿಸುತ್ತಿದ್ದಳು; ಕಾಯಿ ಒಣಗಲಿಡುವ ಅಟ್ಟದಿಂದ ಇಳಿಸಿದ ರಾಶಿಯನ್ನು ಒಮ್ಮೆ ನೋಡಿ, ಬಿಳಿಯದು ಇತ್ತ, ಒಂದು ಕೂದಲು ಕೆಂಪು ತಿರುಗಿದ್ದು ಅತ್ತ ಎಂದು ಎಸೆಯುವವಳು. ಅವಳು ಎಸೆದದ್ದನ್ನು ತಿಪಟೂರಿನ ಮಂಡಿಯವರು ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ.

“ಕಲ್ಲು ನೋಡಿದ್ರೆ ಹೆಂಗ್ ಗೊತ್ತಾಯ್ತದೆ ಅಣ್ಣಯ್ಯ? ಎಲ್ಲಾ ಕಡೀಕೂ ಒಂದೇ ಬಣ್ಣದ್ದು ಏನಾರ ಇಕ್ಕಿ ನೋಡ್ರಿ,” ಎಂದಳು. ತಾನೇ ಹೋಗಿ ಒಂದೇ ಅಟ್ಟದ, ಒಂದೇ ಬಿಳುಪಿನ ಕೊಬ್ಬರಿಯಿಂದ ಒಂಬತ್ತು ಹೋಳು ಕತ್ತರಿಸಿ ತಂದಳು. ನಂಜುಂಡಪ್ಪ ಸಂತೋಷದಿಂದ ತೊಡೆ ತಟ್ಟಿಕೊಂಡ. ಬಿದಿರಿನ ದಬ್ಬೆಯ ಚೌಕ ಕಟ್ಟಿ, ಅದಕ್ಕೆ ಒಂಬತ್ತು ಹೋಳನ್ನೂ ಬಿಳಿಯ ಮೈ ಕೆಳಗಾಗುವಂತೆ ಸಿಕ್ಕಿಸಿ, ಗಳಗಳ ಮೇಲೆ ಎತ್ತಿ ಭುವನೇಶ್ವರಿಗೆ ತಾಗಿಸಿ ಹಿಡಿದರು. ಬೆಳಕು ಕಮ್ಮಿಯಾದ ಕಡೆ ಹೋಳು ಮಂಕಾಗಿ ಕಾಣುತ್ತಿತ್ತು. ಭೈರಮ್ಮ ತಲೆಯೆತ್ತಿ ನೋಡುವುದು, ಇಂಥವಳ ಚಿಪ್ಪು ಇತ್ತ ಓಲಲಿ ಅನ್ನುವುದು. ಬೆಳಕು ಇಷ್ಟಿಷ್ಟೇ ಸರಿಹೋಗುತ್ತ ಬಂತು.

ನೈಋತ್ಯ ಮೂಲೆಯ ಹೋಳು ಮಾತ್ರ ಹಟ ಹಿಡಿಯಿತು. ನಾಲ್ಕು ಚಿಪ್ಪಿನ ಬೆಳಕು ಅತ್ತ ತಿರುಗಿಸಿದರೂ ಮಂಕು ಹೋಗಲಿಲ್ಲ. ಭೈರಮ್ಮ ಹುಬ್ಬು ಗಂಟಿಕ್ಕಿ, ಚೌಕವನ್ನು ಇಳಿಸಿ, ಆ ಹೋಳನ್ನು ಆಗ್ನೇಯಕ್ಕೂ ಆಗ್ನೇಯದ್ದನ್ನು ಅಲ್ಲಿಗೂ ಅದಲುಬದಲು ಮಾಡಿ ಮತ್ತೆ ಎತ್ತಿಸಿದಳು. ಈಗ ಆಗ್ನೇಯದಲ್ಲಿ ಮಂಕು.

“ಬೆಳಕಿನ ತಪ್ಪಲ್ಲ ಇದು. ಹೋಳೇ ಬ್ಯಾರೆ ಅಟ್ಟದ್ದು. ಇದ್ನ ಯಾರು ತಂದಿಕ್ಕಿದ್ದು?”

ಅಂಗಳದಿಂದ ಹುಚ್ಚಣ್ಣ ತಪ್ಪೊಪ್ಪಿಕೊಂಡ. ಚಿಪ್ಪಿನ ಮುಂದೆ ಕೂತ ಸಿದ್ದಮ್ಮ ಬೆಳಗಿನ ಹಸಿವಿಗೆ ಒಂದು ಹೋಳನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡಿದ್ದಳು. ಗಲಾಟೆ ಬೇಡವೆಂದು ಅವನೇ ಅಡುಗೆಮನೆಯಿಂದ ಇನ್ನೊಂದನ್ನು ತಂದು ಸಿಕ್ಕಿಸಿದ್ದ. ಗುಡಿಯೊಳಗೆ ನಗು ಎದ್ದಿತು. ಸಿದ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭೈರಮ್ಮ ಸರಿಯಾದ ಹೋಳು ತಂದಿಟ್ಟ ಮೇಲೆ ಒಂಬತ್ತೂ ಒಂದೇ ಬಿಳುಪಿಗೆ ಬಂದವು.

ಅಷ್ಟು ಹೊತ್ತಿಗೆ ಶ್ರೀರಂಗಯ್ಯ ಏಳನೆಯ ಸಲ ಮಲಗಿ ಕರಿಬಟ್ಟೆಯೊಳಗೆ ಸೇರಿಕೊಂಡಿದ್ದ. ಅವನು ನೋಡುತ್ತಿದ್ದುದು ಬಲಗಣ್ಣಿನಿಂದ. ಎಡಗಣ್ಣಿಗೆ ಒಂಬತ್ತನೇ ವಯಸ್ಸಿನಲ್ಲೇ ತೆಂಗಿನ ಗರಿಯ ಕಡ್ಡಿ ಚುಚ್ಚಿ, ಅದರಲ್ಲಿ ಬರೀ ನೆರಳು ಕಾಣುತ್ತಿತ್ತು. ಕ್ಯಾಮೆರಾದ ಮಸುಕು ಗಾಜಿನ ಮೇಲೆ ಭುವನೇಶ್ವರಿ ತಲೆಕೆಳಗಾಗಿ, ಎಡ ಬಲಕ್ಕೆ ಬಂದು ಮೂಡಿತ್ತು. ಶಿವನ ಮೇಲೆ ಕಣ್ಣಿಟ್ಟು ನೋಡಿದರೆ ಗಾಜಿನ ಎಡಗಡೆ ಕೆಳಮೂಲೆ ಮಬ್ಬಾಗಿತ್ತು. ಅಲ್ಲಿಗೆ ಬರುವುದು ಚಾವಣಿಯ ಈಶಾನ್ಯ ಮೂಲೆ.

“ಈಶಾನ್ಯಕ್ಕೆ ಇನ್ನೂ ಬೆಳಕು ಬೇಕು. ಎರಡು ಚಿಪ್ಪು ಅತ್ತ ಓಲಿಸ್ರಿ,” ಎಂದು ಬಟ್ಟೆಯೊಳಗಿಂದ ಕೂಗಿದ.

“ಅಲ್ಲಿ ಕಮ್ಮಿ ಇಲ್ಲ ಕಣಣ್ಣಯ್ಯ,” ಎಂದಳು ಭೈರಮ್ಮ. “ಈಶಾನ್ಯದ ಹೋಳು ಮಿಕ್ಕಿದ್ದರಂಗೇ ಐತೆ.”

“ಓಲಿಸ್ರಿ ಅಂದ್ನಲ್ಲ.”

“ಜಾಸ್ತಿ ಆಯ್ತದೆ...”

ಶ್ರೀರಂಗಯ್ಯ ಬಟ್ಟೆ ಕಿತ್ತೆಸೆದು ಎದ್ದು ಕೂತ. ಬೆವರಿಳಿದ ಮುಖ ಕೆಂಪಾಗಿತ್ತು. “ಮೂವತ್ತು ವರ್ಷದಿಂದ ಫೋಟೋ ತೆಗೀತಿರೋನು ನಾನೋ ನೀನೋ? ಕೊಬ್ಬರಿ ಆರಿಸ್ದಂಗಲ್ಲ ಇದು!”

ಭೈರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಕಂಬದ ಬಳಿ ಹೋಗಿ ನಿಂತಳು. ಎರಡು ಚಿಪ್ಪುಗಳು ಈಶಾನ್ಯಕ್ಕೆ ಓಲಿದವು. ಶ್ರೀರಂಗಯ್ಯನ ಕಣ್ಣಿಗೆ ಎಲ್ಲವೂ ಸರಿಯಾಯಿತು. ಅವನು ನಾಲ್ಕರಲ್ಲಿ ಎರಡು ಹಾಳೆಗಳನ್ನು ಬೆಳಕಿಗೆ ಒಡ್ಡಿದ. ಮಧ್ಯಾಹ್ನದ ಬಸ್ಸಿಗೆ ಸಾಮಾನೆಲ್ಲ ಹೇರಿಕೊಂಡು, ಗೆದ್ದವನ ಗತ್ತಿನಲ್ಲಿ ತಿಪಟೂರಿಗೆ ಹೊರಟ.

ಶುಕ್ರವಾರ ಬೆಳಗ್ಗೆ ಸ್ಟುಡಿಯೋದ ಕಿಟಕಿಯ ಬೆಳಕಿನಲ್ಲಿ ಒಣಗಿದ ಚಿತ್ರವನ್ನು ಮೇಜಿನ ಮೇಲಿಟ್ಟು ನೋಡಿದ. ಮೇಲ್ಗಡೆ ಬಲಮೂಲೆ, ಅಂದರೆ ಅದೇ ಈಶಾನ್ಯ, ಸುಟ್ಟು ಬೆಳ್ಳಗಾಗಿತ್ತು. ಅಲ್ಲಿದ್ದ ಮೇಳದವನ ಕೈಯೂ ಇಲ್ಲ, ಮುಖವೂ ಇಲ್ಲ, ಸಿಡುಬು ಬಂದ ಕಣ್ಣಿನ ಹಾಗೆ ಒಂದು ಬಿಳಿ ಕಲೆ. ಎರಡನೆಯ ಹಾಳೆಯಲ್ಲೂ ಹಾಗೇ. ಕೋಪ ಬಂತು. ಕೋಪ ಯಾರ ಮೇಲೆಂದು ಹುಡುಕುತ್ತ ನೋಡಿದರೆ ಇನ್ನೊಂದು ವಿಚಿತ್ರ ಕಂಡಿತು. ಚಿತ್ರದ ಎಡಗಡೆ ಕೆಳಮೂಲೆ ಮಬ್ಬಾಗಿತ್ತು. ಅದು ನೈಋತ್ಯ. ನೈಋತ್ಯದ ಮೇಲೆ ನಿನ್ನೆ ಯಾರಿಗೂ ತಕರಾರಿರಲಿಲ್ಲ, ಅವನಿಗೂ ಇರಲಿಲ್ಲ.

ಕಲೆ ತಿದ್ದುವ ಕುಂಚ ತರಲೆಂದು ಮೇಜನ್ನು ಬಳಸಿ ಆಚೆ ಬದಿಗೆ ಹೋದ. ಹೋದವನು ಅಲ್ಲಿಂದ ಮತ್ತೆ ಚಿತ್ರ ನೋಡಿದ. ಈಗ ಚಿತ್ರ ಅವನಿಗೆ ತಲೆಕೆಳಗು. ಸುಟ್ಟ ಕಲೆ ಅವನ ಎಡಗಡೆ ಕೆಳಕ್ಕೆ ಬಂದಿತ್ತು. ಅದು ಬಂದದ್ದು ಸರಿ. ಆದರೆ ಮಬ್ಬೂ ಅಲ್ಲಿಗೇ ಬಂದಿತ್ತು, ಸುಟ್ಟ ಕಲೆಯ ಮೇಲೆಯೇ ತೆಳ್ಳಗೆ ಹೊದಿಸಿದ ಹಾಗೆ. ಅವನು ಬಿಟ್ಟುಬಂದ ನೈಋತ್ಯ ಈಗ ಮಬ್ಬಿಲ್ಲದೆ, ಸ್ಪಷ್ಟವಾಗಿ ಬಲಗಡೆ ಮೇಲಿತ್ತು. ಅವನು ಈಚೆ ಬದಿಗೆ ಬಂದ. ಮಬ್ಬು ಅವನ ಜೊತೆಯಲ್ಲೇ ಈಚೆಗೆ ಬಂತು. ಮೇಜಿನ ಸುತ್ತ ಶ್ರೀರಂಗಯ್ಯ ಪ್ರದಕ್ಷಿಣೆ ಹಾಕಿದ ಹಾಗೆ ಮೂರು ಸುತ್ತು ಬಂದ. ಎಲ್ಲಿ ನಿಂತರೂ ಮಬ್ಬು ಎಡಗಡೆ ಕೆಳಗೇ ಇರುತ್ತಿತ್ತು.

ಬೆಳಕಿನ ತಪ್ಪಲ್ಲ ಇದು, ಹೋಳೇ ಬೇರೆ ಎಂದಿದ್ದ ಭೈರಮ್ಮನ ಮಾತು ಆಗ ನೆನಪಿಗೆ ಬಂತು. ಅವಳು ಎರಡು ಹೋಳು ಅದಲುಬದಲು ಮಾಡಿ ನೋಡಿದ್ದಳು, ಅಷ್ಟೆ. ಅವನು ಸುಣ್ಣದ ಗೋಡೆಯನ್ನು ನೋಡಿದ, ಕಿಟಕಿಯಾಚೆಯ ಆಕಾಶವನ್ನು ನೋಡಿದ, ಕೊನೆಗೆ ತನ್ನ ಅಂಗೈಯನ್ನೇ ನೋಡಿಕೊಂಡ. ಎಲ್ಲದಕ್ಕೂ ಎಡಗಡೆ ಕೆಳಮೂಲೆ ಇಲ್ಲ. ಮಬ್ಬು ಕಲ್ಲಿನಲ್ಲಿರಲಿಲ್ಲ, ಕನ್ನಡಿಯಲ್ಲಿರಲಿಲ್ಲ. ಅವನಿಗಿದ್ದ ಒಂದೇ ಕಣ್ಣಿನಲ್ಲಿತ್ತು.

ಗಿರಾಕಿಗಳ ಕುರ್ಚಿಯಲ್ಲಿ ಕೂತ. ದೀಪಾವಳಿಯಿಂದೀಚೆಗೆ ಎಷ್ಟು ಜನ ಗೊಣಗಿದ್ದರು! ಮದುಮಗಳ ಒಂದು ಕೆನ್ನೆ ಬಿಳಿಚಿಕೊಂಡಿದೆ ಎಂದರು, ಗುಂಪಿನ ಒಂದು ಮೂಲೆ ಮಾಸಿದೆ ಎಂದರು. ಅವನು ಬಲ್ಬಿನ ಕಂಪನಿಯನ್ನು ಬೈದ, ಕಾಗದದವನನ್ನು ಬೈದ, ಗಿರಾಕಿಯ ಕಣ್ಣೇ ಸರಿಯಿಲ್ಲ ಎಂದೂ ಹೇಳಿ ಕಳಿಸಿದ್ದ. ಈಗ ಹೆದರಿಕೆಯಾಯಿತು. ಒಂದು ಕಣ್ಣಿನ ಫೋಟೋದವನೆಂದು ಜನ ತಮಾಷೆ ಮಾಡುತ್ತಿದ್ದರು, ಅದನ್ನು ಅವನು ಬಹಳ ಹಿಂದೆಯೇ ಅರಗಿಸಿಕೊಂಡಿದ್ದ. ಇರುವ ಒಂದಕ್ಕೂ ಮಂಕು ಎಂದು ಗೊತ್ತಾದರೆ ತಿಪಟೂರಿನಲ್ಲಿ ಯಾರು ಮದುವೆಗೆ ಕರೆಯುತ್ತಾರೆ?

ಸಂಜೆ ಬಂದ ನಂಜುಂಡಪ್ಪನಿಗೆ ಚಿತ್ರ ತೋರಿಸಿದ, ಆದರೆ ಕಣ್ಣಿನ ಸುದ್ದಿ ಎತ್ತಲಿಲ್ಲ. “ಈಶಾನ್ಯಕ್ಕೆ ಜಾಸ್ತಿ ಆಯ್ತು. ನಾಳೆ ಇನ್ನೊಂದ್ಸಲ ನೋಡಾನ,” ಎಂದಷ್ಟೇ ಹೇಳಿದ. ಮೇಷ್ಟ್ರು ಮಾವನ ಮುಖವನ್ನು ಒಂದು ಗಳಿಗೆ ನೋಡಿ, ಆಗಲಿ ಎಂದ.

ಶನಿವಾರ ಎಂಟೂವರೆಯ ಬಸ್ಸಿಗೆ ಮತ್ತೆ ಹಿರೇಕಟ್ಟೆ. ಅದೇ ಕನ್ನಡಿ, ಅದೇ ಚಿಪ್ಪುಗಳು. ಭೈರಮ್ಮ ಹೊಸದಾಗಿ ಒಂಬತ್ತು ಹೋಳು ಕತ್ತರಿಸಿ ತಂದಿದ್ದಳು. ಸಿದ್ದಮ್ಮನಿಗೆಂದು ಹತ್ತನೆಯದನ್ನೂ ತಂದು ಅವಳ ಕೈಗೇ ಕೊಟ್ಟಳು. ಗುರುವಾರದ ಮಾತಿನ ಬೇಸರವನ್ನು ಅವಳು ತೋರಗೊಡಲಿಲ್ಲ. ಚೌಕ ಮೇಲೇರಿತು, ಚಿಪ್ಪುಗಳು ನಡುಗಿದವು, ಓಲಿದವು. ಹತ್ತೂವರೆಯ ಹೊತ್ತಿಗೆ ಅವಳು ತಲೆಯಾಡಿಸಿ, “ಒಂದೇ ಬಿಳುಪು,” ಎಂದಳು.

ಶ್ರೀರಂಗಯ್ಯ ಬಟ್ಟೆಯೊಳಗಿದ್ದ. ಗಾಜಿನ ಎಡಗಡೆ ಕೆಳಮೂಲೆ ಮಬ್ಬಾಗಿತ್ತು. ಗೊತ್ತಿದ್ದೂ ಅವನ ನಾಲಿಗೆಯ ತುದಿಗೆ “ಈಶಾನ್ಯಕ್ಕೆ ಇನ್ನೂ ಸ್ವಲ್ಪ” ಎಂಬ ಮಾತು ಬಂದು ನಿಂತಿತು. ಕಣ್ಣಾರೆ ಕಂಡದ್ದನ್ನು ಸುಳ್ಳೆಂದುಕೊಳ್ಳುವುದು ಎಷ್ಟು ಕಷ್ಟ ಎನ್ನುವುದು ಅವನಿಗೆ ಆಗಲೇ ತಿಳಿದದ್ದು. ಬಾಯಿ ಮುಚ್ಚಿಕೊಂಡು ಹಾಳೆಯನ್ನು ಒಡ್ಡಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಡ್ಡುವ ತೊಂಬತ್ತು ಸೆಕೆಂಡಿನಲ್ಲಿ ಸೂರ್ಯ ಸರಿಯುತ್ತಾನೆ, ಬೆಳಕು ಜಾರುತ್ತದೆ, ಆಗ ಚಿಪ್ಪುಗಳಿಗೆ ಹೇಳುವವರು ಒಬ್ಬರು ಬೇಕು. ಗುರುವಾರ ಹೇಳಿದವನು ಅವನೇ.

ಅವನು ನಿಧಾನವಾಗಿ ಬಟ್ಟೆ ಸರಿಸಿ ಎದ್ದು ಕೂತ.

“ಭೈರಮ್ಮ, ಮೊನ್ನೆ ನೀನು ಹೇಳಿದ್ದೇ ಸರಿ,” ಎಂದ. “ನನ್ನ ಕಣ್ಣಲ್ಲೇ ಒಂದು ಮೂಲೆ ಕತ್ತಲಾಗಿದೆ ಕಣವ್ವ. ಎತ್ತ ನೋಡಿದ್ರೂ ಅದು ನನ್ ಜತೇಲೇ ಬತ್ತದೆ. ಇವತ್ತು ನಾನು ಮುಚ್ಚಳ ತೆಗೀತೀನಿ, ಮುಚ್ಚಳ ಹಾಕ್ತೀನಿ. ಬೆಳಕು ನೋಡೋಳು ನೀನು.”

ಆರು ಜನ ಹೆಂಗಸರೂ ಚಿಪ್ಪಿನಿಂದ ತಲೆಯೆತ್ತಿದರು. ಹೊರಗಿದ್ದ ಹುಚ್ಚಣ್ಣನಿಗೆ ಒಂದೂ ಕೇಳಿಸಿರಲಿಲ್ಲ. “ಲೇ ರಂಗ, ಏನ್ಲಾ ಭಾಷಣ? ಇಲ್ಲಿ ತೋಳು ಬಿದ್ದೋಗ್ತಾವೆ, ಬಿರ್ರನೆ ಮುಗ್ಸು!” ಎಂದು ಅರಚಿದ. ಶ್ರೀರಂಗಯ್ಯನಿಗೆ ನಗು ಬಂತು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಆ ನಗುವಿನಲ್ಲಿ ಸ್ವಲ್ಪ ಕೆಳಗಿಳಿಯಿತು.

ಭೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಆಗ್ಲಿ ತಗಿ ಅಣ್ಣಯ್ಯ,” ಎಂದಳು, ಇದರಲ್ಲಿ ದೊಡ್ಡದೇನೂ ಇಲ್ಲವೆಂಬಂತೆ. ಚೌಕವನ್ನು ಇಳಿಸಿ ಬದಿಗಿಟ್ಟರು. ಶ್ರೀರಂಗಯ್ಯ ಹಾಳೆ ಹಾಕಿ, ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸತೊಡಗಿದ. ಗುಡಿಯಲ್ಲಿ ಭೈರಮ್ಮನ ದನಿ ಮಾತ್ರ. “ಸಿದ್ದಿ, ನಡುವಿನ ಚಿಪ್ಪು ಒಂದ್ ಕೂದ್ಲು ಹಿಂದಕ್ಕೆ. ಸಾಕು. ಲಕ್ಷ್ಮಿದೇವಿ, ನಿಂದು ಜಾರ್ತಾ ಐತೆ, ಹಿಡ್ಕೊ. ಅಂಗೇ. ಅಂಗೇ ಇರ್ಲಿ.” ಅಟ್ಟದ ಕೆಳಗೆ ಕೂತು ಕೊಬ್ಬರಿ ಆರಿಸುವಾಗಲೂ ಅವಳ ದನಿ ಹೀಗೇ ಇರುತ್ತಿತ್ತು. ಶ್ರೀರಂಗಯ್ಯ ಚಾವಣಿಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಆ ದನಿಯನ್ನು ಕೇಳುತ್ತ ತೊಂಬತ್ತರ ತನಕ ಎಣಿಸಿದ. ಎರಡನೆಯ ಹಾಳೆಗೂ ಹಾಗೇ.

ಭಾನುವಾರ ಮಧ್ಯಾಹ್ನ ಅವನೂ ನಂಜುಂಡಪ್ಪನೂ ದೊಡ್ಡದಾಗಿ ಮಾಡಿದ ಚಿತ್ರವನ್ನು ರಟ್ಟಿನ ನಡುವೆ ಇಟ್ಟುಕೊಂಡು ಬಂದರು. ಮೈಸೂರಿಗೆ ಒಂದು ಪ್ರತಿ ಅಂಚೆಗೆ ಸಿದ್ಧವಾಗಿತ್ತು. ಮಂಗಳವಾರ ಬೆಂಗಳೂರಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗುವುದೆಂದು ಸೋದರಳಿಯ ಬಸ್ಸಿನಲ್ಲಿ ಹೇಳಿದ್ದ. ಹೋದದ್ದು ಬರುವುದೋ ಇಲ್ಲವೋ, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಮಾವ ಎಂದಿದ್ದ. ಶ್ರೀರಂಗಯ್ಯ ಆಗಲಿ ಎಂದಿದ್ದ.

ಗುಡಿಯ ಅಂಗಳದಲ್ಲಿ ನಾಳೆಯ ಕಂಬಕ್ಕೆಂದು ಆಗಲೇ ಇಟ್ಟಿಗೆ ಬಂದು ಬಿದ್ದಿದ್ದವು. ಆ ಇಟ್ಟಿಗೆಗಳ ಮೇಲೆಯೇ ಚಿತ್ರವನ್ನು ನಿಲ್ಲಿಸಿದರು. ಹೆಂಗಸರು ಸುತ್ತುವರಿದರು. ಹುಚ್ಚಣ್ಣ ಕನ್ನಡಕ ಹುಡುಕಿಕೊಂಡು ಬಂದ. ಬೋರಮ್ಮ ಬೀರುವಿನ ಬಾಗಿಲಿನ ಮುನಿಸನ್ನು ಮರೆತು ಎಲ್ಲರಿಗಿಂತ ಮುಂದೆ ನಿಂತಳು. ಅವರೆಲ್ಲ ಹುಟ್ಟಿದಾಗಿನಿಂದ ಆ ಚಾವಣಿಯ ಕೆಳಗೆ ಓಡಾಡಿದವರೇ, ಆದರೆ ಒಂಬತ್ತನ್ನೂ ಒಟ್ಟಿಗೆ ಕಂಡದ್ದು ಇದೇ ಮೊದಲು.

ಶ್ರೀರಂಗಯ್ಯ ಚಿತ್ರದ ನಡುವಿನ ಶಿವನ ಮೇಲೆ ಕಣ್ಣಿಟ್ಟ. ಎಡಗಡೆ ಕೆಳಮೂಲೆ ಮಬ್ಬಾಗಿತ್ತು. ಚಿತ್ರವನ್ನು ಎತ್ತಿ ತಲೆಕೆಳಗು ಮಾಡಿ ನೋಡಿದ. ಮಬ್ಬು ಕದಲಲಿಲ್ಲ. ಹಾಗಾದರೆ ಚಿತ್ರ ಸರಿಯಾಗಿದೆ. ಬೆಳಕು ಒಂದೇ ಸಮ ಬಿದ್ದಿದೆ. ಮತ್ತೆ ನೆಟ್ಟಗೆ ಮಾಡಿ ಇಟ್ಟ. ಸಂತೋಷವಾಯಿತು, ಅದರ ಹಿಂದೆಯೇ ದುಃಖವೂ ಬಂತು. ಅಮ್ಮ ಗಳ ಹಿಡಿದು ಒಂದೊಂದಾಗಿ ತೋರಿಸಿದ್ದನ್ನು ಅವನು ಕೊನೆಗೂ ಒಟ್ಟು ಮಾಡಿದ್ದ, ಆದರೆ ಅವನಿಗೆ ಕಾಣುವುದು ಎಂಟೇ.

“ಭೈರಮ್ಮ, ಇಲ್ಲಿ ಬಾರವ್ವ. ನೋಡಿ ಹೇಳು. ಎಲ್ಲಾದ್ರೂ ಮಂಕು ಐತಾ?”

ಭೈರಮ್ಮ ಮುಂದೆ ಬಂದು, ಕೊಬ್ಬರಿಯ ಮೇಲೆ ಆಡಿಸುವ ಹಾಗೆ ಹೆಬ್ಬೆರಳನ್ನು ಚಿತ್ರಕ್ಕೆ ತಾಗಿಸದೆ ಒಂಬತ್ತು ಚೌಕಗಳ ಮೇಲೂ ಆಡಿಸಿದಳು. “ಎಲ್ಲೂ ಇಲ್ಲ ಬುಡು.”

“ಒಂಬತ್ತೂ ಒಟ್ಟಿಗೆ ಹೆಂಗೆ ಕಾಣ್ತವೆ?”

ಅವಳಿಗೆ ಆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ಬಹಳ ಹೊತ್ತು ನೋಡಿದಳು. “ಆಟ ಸುರುವಾಗ್ಬುಟ್ಟೈತೆ ಕಣಣ್ಣಯ್ಯ,” ಎಂದಳು. “ಯಾರೂ ಸುಮ್ಕೆ ನಿಂತಿಲ್ಲ. ಮದ್ದಳೆಯೋನು, ಕೊಳಲಿನೋನು, ಎಲ್ಲಾರೂ ಶಿವನ ಕಾಲನ್ನೇ ನೋಡ್ತಾವ್ರೆ, ಎಲ್ಲಿ ತಪ್ಪಿ ಬುಡ್ತೀವೋ ಅಂತ. ಈ ಈಶಾನ್ಯದ ತಾಳದ ಮುದುಕ ಒಬ್ಬ ಮಾತ್ರ ಶಿವನ ಕಡೀಕೆ ನೋಡಾಕಿಲ್ಲ. ಅವ್ನು ಕೆಳಗೆ ನಮ್ಮನ್ನ ನೋಡ್ಕಂಡು ನಗ್ತಾವ್ನೆ.”

ಗುರುವಾರ ಸುಟ್ಟುಹೋಗಿದ್ದ ಮೂಲೆ ಅದು. ಶ್ರೀರಂಗಯ್ಯ ಶಿವನಿಂದ ಕಣ್ಣು ತೆಗೆದು, ಆ ಮುದುಕನನ್ನೇ ನೇರವಾಗಿ ನೋಡಿದ. ಕಣ್ಣಿನ ಜೊತೆ ಮಬ್ಬೂ ಸರಿದು ಶಿವನ ಮೇಲೆ ಬಂತು. ಹೌದು, ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ. ಮಿಕ್ಕವರು ಶಿವನ ಕಾಲನ್ನು ನೋಡುತ್ತಿದ್ದಾರೆಂದು ಅಮ್ಮ ಒಂದು ದಿನವೂ ಹೇಳಿರಲಿಲ್ಲ; ಒಂದೊಂದಾಗಿ ಕಂಡವಳಿಗೆ ಅದು ಹೇಗೆ ತಿಳಿಯಬೇಕು? ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ನಾಚಿಕೆಯಾಗಲಿಲ್ಲ.

“ಇನ್ನೊಂದ್ಸಲ ಹೇಳವ್ವ,” ಎಂದು ಇಟ್ಟಿಗೆಯ ಮೇಲೆ ಕೂತುಕೊಂಡ. “ಪೂರ್ವದಿಂದ ಸುರು ಮಾಡು.”

ಭೈರಮ್ಮ ಅವನ ಪಕ್ಕದಲ್ಲಿ ಕೂತು ಪೂರ್ವದಿಂದ ಶುರುಮಾಡಿದಳು.